ಕಸ್ತೂರವ್ವನಿಗೆ ಗೆಟ್ ಕಲಿಸಿದ್ದು

ಈಚೆಗೆ ನನ್ನ ಫೋನು ನನ್ನ ಪರವಾಗಿ ತಾನೇ ಉತ್ತರ ಕೊಡಲು ಕಲಿತುಬಿಟ್ಟಿದೆ. ಯಾರಾದರೂ ಇಂಗ್ಲಿಷಿನಲ್ಲಿ ಒಂದು ಸಂದೇಶ ಕಳಿಸಿದರೆ ಸಾಕು, ಅದರ ಕೆಳಗೆ ಮೂರು ಪುಟ್ಟ ಚೌಕಗಳಲ್ಲಿ ಮೂರು ಉತ್ತರ ತಯಾರಾಗಿ ಕೂತಿರುತ್ತವೆ. ನಾವು ಬೆರಳು ಮುಟ್ಟಿಸಿದರೆ ಮುಗಿಯಿತು. ಆ ಮೂರರಲ್ಲಿ ಒಂದು ಯಾವಾಗಲೂ ‘ಗಾಟ್ ಇಟ್’. ಆಫೀಸಿನವರು ಮೀಟಿಂಗಿನ ವೇಳೆ ತಿಳಿಸಿದರೂ ಗಾಟ್ ಇಟ್, ನಮ್ಮ ಸೊಸೈಟಿಯ ಸೆಕ್ರೆಟರಿ ನಾಳೆ ನೀರು ಬರುವುದಿಲ್ಲ ಎಂದರೂ ಗಾಟ್ ಇಟ್. ಮೊನ್ನೆ ಧಾರವಾಡದಿಂದ ನನ್ನ ಸೋದರತ್ತೆಯ ಮಗ, ತಂದೆಗೆ ಮೂತ್ರಪಿಂಡದಲ್ಲಿ ಕಲ್ಲಾಗಿದೆ ಎಂದು ಬರೆದ. ಫೋನು ಒಂದು ಕ್ಷಣವೂ ತಡಮಾಡದೆ ‘ಗಾಟ್ ಇಟ್’ ಎಂದು ಮುಂದೆ ಬಂತು. ಒತ್ತಿದ್ದರೆ, ಕಲ್ಲು ಸುರಕ್ಷಿತವಾಗಿ ಮುಂಬಯಿಗೆ, ದಹಿಸರಿನ ನಮ್ಮ ಮನೆಗೆ ಬಂದು ತಲುಪಿದೆ ಎಂದು ನಾನು ರಸೀದಿ ಕೊಟ್ಟ ಹಾಗೆ ಆಗುತ್ತಿತ್ತು.

ಒತ್ತಲಿಲ್ಲ. ಅದಕ್ಕೆ ಸೌಜನ್ಯ ಒಂದೇ ಕಾರಣ ಅಂದುಕೊಳ್ಳಬೇಡಿ. ಇಂಗ್ಲಿಷಿನ ಈ ಗೆಟ್ ಎಂಬ ಕ್ರಿಯಾಪದಕ್ಕೂ ನನಗೂ ಏಳನೆಯ ತರಗತಿಯಿಂದ ಮನಸ್ತಾಪ. ಈಗ ಐವತ್ತೆರಡು ವರ್ಷ ನನಗೆ. ಇಷ್ಟು ದೀರ್ಘ ಕಾಲ ನಾನು ನನ್ನ ನಾದಿನಿಯ ಜೊತೆಗೂ ಮಾತು ಬಿಟ್ಟಿಲ್ಲ.

ಧಾರವಾಡದ ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು ದೇಸಾಯಿ ಮಾಸ್ತರರು. ಅವರು ಪಾಠ ಶುರುಮಾಡುವ ಮುಂಚೆ ಬ್ಲೇಡಿನಿಂದ ಸೀಮೆಸುಣ್ಣದ ತುದಿ ಹೆರೆದು ಚೂಪು ಮಾಡಿಕೊಳ್ಳುತ್ತಿದ್ದರು. ಅಕ್ಷರ ಸಣ್ಣಗೆ ಬರಬೇಕು, ಅರ್ಥವೂ ಸಣ್ಣಗೆ ಬರಬೇಕು ಎನ್ನುವುದು ಅವರ ಹಟ. ಒಂದು ದಿನ ‘ನನಗೆ ಮಾವಿನ ಹಣ್ಣು ಸಿಕ್ಕಿತು’ ಎನ್ನುವುದಕ್ಕೆ ಇಂಗ್ಲಿಷ್ ಹೇಳಿ ಎಂದರು. ನಾನು ಎದ್ದು ನಿಂತು ಜೋರಾಗಿ ‘ಐ ಗಾಟ್ ಎ ಮ್ಯಾಂಗೋ’ ಅಂದೆ.

“ಗಾಟ್?” ಎಂದರು ಮಾಸ್ತರರು, ಕನ್ನಡಕ ಕೆಳಗೆ ಸರಿಸಿ. “ಗಾಟ್ ಅಂದ್ರೇನು? ಕೊಂಡೀಯೋ, ಬೇಡೀಯೋ, ಯಾರರೆ ಕೊಟ್ಟಾರೋ, ಇಲ್ಲಾ ಕದ್ದೀಯೋ?”

ನಾನು ಕೂತುಬಿಟ್ಟೆ. ಯಾಕೆಂದರೆ ಅದೇ ವಾರ ಎದುರುಮನೆಯ ಕಂಪೌಂಡು ಹಾರಿ ನಾನು ಎರಡು ಮಾವಿನಕಾಯಿ ಕಿತ್ತಿದ್ದೆ. ಇದು ಮಾಸ್ತರರಿಗೆ ಹೇಗೆ ಗೊತ್ತಾಯಿತು ಎಂದು ಎರಡೂ ಕೈ ಬೆಂಚಿನ ಕೆಳಗೆ ಅಡಗಿಸಿಕೊಂಡೆ. ಅವರಿಗೆ ಏನೂ ಗೊತ್ತಿರಲಿಲ್ಲ ಬಿಡಿ. ಅವರು ವ್ಯಾಕರಣದ ಗುಂಗಿನಲ್ಲಿದ್ದರು.

“ಗೆಟ್ ಅಂಬೋದು ಮೈಗಳ್ಳರ ಕ್ರಿಯಾಪದ. ಎಲ್ಲಾ ಕೆಲಸಾನೂ ತಾನ ಮಾಡ್ತೀನಂತದ, ಒಂದೂ ನೆಟ್ಟಗ ಮಾಡೂದಿಲ್ಲ. ನನ್ನ ಕ್ಲಾಸಿನ್ಯಾಗ ಇದು ಕೇಳಬಾರದು ನೋಡ್ರಿ.”

ಅಂದಿನಿಂದ ನಾನು ಆ ಶಬ್ದವನ್ನು ಬಾಯಿಗೆ ತಂದುಕೊಳ್ಳಲಿಲ್ಲ. ಸಿಗುವುದಕ್ಕೆ ಆಬ್ಟೇನ್, ಬರುವುದಕ್ಕೆ ರಿಸೀವ್, ತರುವುದಕ್ಕೆ ಪ್ರೊಕ್ಯೂರ್, ಆಗುವುದಕ್ಕೆ ಬಿಕಮ್. ಮದುವೆಯಾಗಿ ದಹಿಸರಿಗೆ ಬಂದು, ಬಾಂದ್ರಾದ ಒಂದು ಆಫೀಸಿನಲ್ಲಿ ಪತ್ರ ಬರೆಯುವ ಕೆಲಸಕ್ಕೆ ಸೇರಿದ ಮೇಲಂತೂ ನನ್ನ ಆಬ್ಟೇನ್‌ಗೆ ಒಳ್ಳೆಯ ಹೆಸರೇ ಬಂತು. ಕಾಗದದ ಮೇಲೆ ನನ್ನ ಇಂಗ್ಲಿಷ್ ಇಸ್ತ್ರಿ ಮಾಡಿದ ಹಾಗೆ ಇರುತ್ತದೆ ಎಂದು ಸಾಹೇಬರೇ ಹೊಗಳಿದ್ದಾರೆ. ತೊಂದರೆ ಬರುವುದು ಬಾಯಿ ತೆರೆದಾಗ. ನನ್ನ ಮಗಳು ಇರಾಳ ಗೆಳತಿ ಒಮ್ಮೆ ಮನೆಗೆ ಬಂದಿದ್ದಳು. ಬಿಸಿಲಿನಲ್ಲಿ ಬಂದಿದ್ದಾಳೆ ಎಂದು ಅಕ್ಕರೆಯಿಂದ, “ಪ್ಲೀಸ್ ಆಬ್ಟೇನ್ ವಾಟರ್ ಫ್ರಮ್ ದ ಫ್ರಿಜ್” ಅಂದೆ. ಹುಡುಗಿ ಫ್ರಿಜ್ಜಿನ ಮುಂದೆ ನಿಂತು ಇರಾಳ ಮುಖ ನೋಡಿದಳು. ಎಲ್ಲಾದರೂ ಅರ್ಜಿ ತುಂಬಬೇಕೇನೋ ಎಂಬ ಅನುಮಾನ ಬಂದಿರಬೇಕು.

ಅವಳು ಹೋದ ಮೇಲೆ ಇರಾ ನನ್ನ ಮೇಲೆ ಹರಿಹಾಯ್ದಳು. “ಅಮ್ಮಾ, ಪ್ಲೀಸ್, ಆಬ್ಟೇನ್ ಅನ್ಬೇಡ ನಾ. ಯಾರೂ ಐಸಾ ಮಾತಾಡಲ್ಲ. ಇಟ್ಸ್ ಸೋ ಎಂಬರಾಸಿಂಗ್!” ಮುಂಬಯಿಯಲ್ಲಿ ಹುಟ್ಟಿದ ಮಗಳು. ಅವಳ ಒಂದು ವಾಕ್ಯದಲ್ಲಿ ಮೂರು ಭಾಷೆ ಇದ್ದರೂ ಅವಳಿಗೆ ನಾಚಿಕೆಯಿಲ್ಲ. ನನ್ನ ಒಂದೇ ಭಾಷೆಯ ಶುದ್ಧ ವಾಕ್ಯಕ್ಕೆ ಅವಳಿಗೆ ನಾಚಿಕೆ.

ಇಂಥ ನನ್ನ ಹತ್ತಿರ ಕಸ್ತೂರವ್ವ ಇಂಗ್ಲಿಷ್ ಕೇಳಿಕೊಂಡು ಬಂದಳು ನೋಡಿ.

ಕಸ್ತೂರವ್ವ ವಿಜಯಪುರ ಜಿಲ್ಲೆಯ ಇಂಡಿ ಕಡೆಯವಳು. ಗಂಡ ಗೌಂಡಿ, ದಹಿಸರಿನ ಪೂರ್ವಕ್ಕೆ ಏಳುತ್ತಿರುವ ಬಿಲ್ಡಿಂಗುಗಳಲ್ಲಿ ಅವನಿಗೆ ಕೆಲಸ. ಇವಳದು ಸಾಂತಾಕ್ರೂಜ್‌ನಲ್ಲಿ ವಿಮಾನ ನಿಲ್ದಾಣದ ಹತ್ತಿರದ ಒಂದು ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ, ನೆಲಮಾಳಿಗೆಯಲ್ಲಿ ಹಾಸಿಗೆ ಬಟ್ಟೆ, ಟವೆಲು ಒಗೆಯುವ ಕೆಲಸ. ನಾವಿಬ್ಬರೂ ಬೆಳಿಗ್ಗೆ ಒಂದೇ ಸ್ಲೋ ಲೋಕಲ್ಲಿನ ಲೇಡೀಸ್ ಡಬ್ಬಿಯವರು. ಅವಳು ಸಾಂತಾಕ್ರೂಜ್‌ಗೆ, ನಾನು ಅಲ್ಲಿಂದ ಎರಡು ಸ್ಟೇಷನ್ ಆಚೆ ಬಾಂದ್ರಾಕ್ಕೆ.

ನಮ್ಮ ಡಬ್ಬಿಯಲ್ಲಿ ಸೀಟು ಸಿಗುವ ಪದ್ಧತಿ ಹೊರಗಿನವರಿಗೆ ವಿಚಿತ್ರ ಅನ್ನಿಸಬಹುದು. ವಿರಾರಿನಿಂದಲೇ ಗಾಡಿ ತುಂಬಿ ಬರುತ್ತದೆ. ಹತ್ತಿದ ಕೂಡಲೇ ಕೂತವರನ್ನು ಒಬ್ಬೊಬ್ಬರನ್ನಾಗಿ ಎಲ್ಲಿ ಇಳಿಯುತ್ತೀರಿ ಎಂದು ಕೇಳುತ್ತ ಹೋಗಬೇಕು. ಬೋರಿವಲಿ ಅಂದವರ ಮುಂದೆ ಹೋಗಿ ನಿಂತರೆ ಆ ಸೀಟು ನಿಮ್ಮದು. ಅದನ್ನು ಆಮೇಲೆ ಯಾರೂ ಮುಟ್ಟುವುದಿಲ್ಲ. ಅಲ್ಲಿ ಫಾಸ್ಟ್ ಗಾಡಿ ಹಿಡಿಯುವವರು ಇಳಿದಾಗ ನಾನೂ ಕಸ್ತೂರವ್ವನೂ ಎದುರುಬದುರು ಕೂತುಬಿಡುತ್ತಿದ್ದೆವು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. ಎರಡು ವರ್ಷದಿಂದ ಹೀಗೇ. ನಾನು ಪೇಪರು ಓದುತ್ತಿದ್ದೆ, ಅವಳು ತೂಕಡಿಸುತ್ತಿದ್ದಳು.

ಒಂದು ದಿನ ತೂಕಡಿಸದೆ ನನ್ನ ಪೇಪರಿನ ಅಂಚು ಹಿಡಿದು ಕೆಳಗೆ ಸರಿಸಿದಳು.

“ಅಕ್ಕಾರ, ನೀವು ದಿನಾ ಇಂಗ್ಲಿಷ್ ಪೇಪರ್ ಓದಾಕತ್ತೀರಲ್ರಿ. ನಂಗ ಐದ ನಿಮಿಷದ ಇಂಗ್ಲಿಷ್ ಬೇಕಾಗೈತ್ರಿ.”

“ಐದು ನಿಮಿಷದ್ದಾ?”

“ಅಷ್ಟ ಸಾಕ್ರಿ. ಹೆಚ್ಚಿಂದು ಕೊಟ್ರ ಎಲ್ಲಿ ಇಡ್ಲಿ?”

ವಿಷಯ ಏನೆಂದರೆ, ಅವಳ ಹೋಟೆಲಿನಲ್ಲಿ ಮೇಲಿನ ಫ್ಲೋರಿನಲ್ಲಿ, ಅಂದರೆ ಗೆಸ್ಟುಗಳ ಕೋಣೆ ಸ್ವಚ್ಛ ಮಾಡುವ ಕೆಲಸದಲ್ಲಿ, ಒಂದು ಜಾಗ ಖಾಲಿಯಾಗಿತ್ತು. ಗೆಸ್ಟುಗಳ ಜೊತೆ ಎರಡು ಮಾತಾಡಲು ಬರಬೇಕಾದ್ದರಿಂದ ಹೌಸ್‌ಕೀಪಿಂಗ್ ಮೇಡಂ ಐದು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿಸಿ ನೋಡುತ್ತಾರೆ. ಅದಕ್ಕೆ ಇನ್ನು ನಾಲ್ಕು ವಾರವಿತ್ತು.

“ಪಾಸಾದ್ರ ಮ್ಯಾಲ ಹಾಕ್ತಾರ್ರಿ. ಇಲ್ಲಾಂದ್ರ ಮತ್ತ ಒಂದ ವರ್ಷ ತೆಳಗ. ಹೆಂಗಾರ ಮಾಡಿ ನಾ ಮ್ಯಾಲ ಹೋಗಬೇಕ್ರಿ ಅಕ್ಕಾರ.”

ಹೇಳುವಾಗ ಅವಳ ದನಿ ಸಣ್ಣಗಾಯಿತು. ಬಡ್ತಿಯ ಆಸೆ ಎಂದುಕೊಂಡೆ. ಯಾರಿಗಿಲ್ಲ? ನಾನೂ ಮೂರು ಸಲ ಬಡ್ತಿಗೆ ಅರ್ಜಿ ಹಾಕಿದವಳೇ. “ಆತು ತಗೋ, ನಾ ಕಲಸ್ತೀನಿ” ಅಂದೆ. ಅಂದ ಮರುಕ್ಷಣವೇ ನನ್ನೊಳಗೆ ದೇಸಾಯಿ ಮಾಸ್ತರರು ಸೀಮೆಸುಣ್ಣ ಹೆರೆಯತೊಡಗಿದರು.

ಮೊದಲನೆಯ ವಾರ ಹಾಳಾದದ್ದು ಪೂರ್ತಿ ನನ್ನಿಂದ. ಆಫೀಸಿನ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಹನ್ನೆರಡು ಕಾಲಗಳ ಕೋಷ್ಟಕ ಬರೆದುಕೊಂಡು ಹೋದೆ. ಗಾಡಿ ಕಾಂದಿವಲಿ ದಾಟುವಾಗ ವರ್ತಮಾನ, ಮಲಾಡಿನಲ್ಲಿ ಭೂತ, ಗೋರೆಗಾಂವ್‌ನಲ್ಲಿ ಭವಿಷ್ಯತ್ತು. ಕಸ್ತೂರವ್ವ ಕಷ್ಟಪಟ್ಟು ಕಣ್ಣು ತೆರೆದಿಟ್ಟುಕೊಂಡು ಕೇಳಿದಳು. ನಾಲ್ಕನೆಯ ದಿನ ಅವಳು ಭೂತಕಾಲದಲ್ಲೇ ನಿದ್ದೆಹೋದಳು.

ನಮ್ಮ ಪಕ್ಕದಲ್ಲಿ ಕೂರುವವಳು ಫಾಲ್ಗುಣಿಬೆನ್. ಬೋರಿವಲಿಯ ಗುಜರಾತಿ ಹೆಂಗಸು, ಚರ್ಚ್‌ಗೇಟಿನ ಯಾವುದೋ ಆಫೀಸಿನಲ್ಲಿ ಹಗಲಿಡೀ ಫೋನೆತ್ತಿ ಇಂಗ್ಲಿಷಿನಲ್ಲಿ ಮಾತಾಡುವುದೇ ಅವಳ ಕೆಲಸ. ನನ್ನ ಕೋಷ್ಟಕ ನೋಡಿ ನೋಡಿ ಅವಳಿಗೆ ತಡೆಯಲಾಗಲಿಲ್ಲ. “ಅರೇ ಬೆಹನ್, ಪಾಂಚ್ ಮಿನಿಟ್ ಕೀ ಬಾತ್ ಕೇ ಲಿಯೇ ಇತನಾ ಸಬ್? ಏಕ್ ಗೆಟ್ ಸಿಖಾ ದೋ, ಹೋ ಗಯಾ!” ಎಂದಳು. ಐದು ನಿಮಿಷದ ಮಾತಿಗೆ ಇದೆಲ್ಲ ಯಾಕೆ, ಗೆಟ್ ಒಂದನ್ನು ಕಲಿಸಿದರೆ ಮುಗಿಯಿತು ಎಂದು.

ನನಗೆ ಅವಮಾನವಾಯಿತು. ಗೆಟ್ ಮೈಗಳ್ಳರ ಕ್ರಿಯಾಪದ ಎಂದು ನನ್ನ ಹಿಂದಿಯಲ್ಲಿ ಅವಳಿಗೆ ತಿಳಿಸಿ ಹೇಳಿದೆ. ಫಾಲ್ಗುಣಿಬೆನ್ ನನ್ನ ಜೊತೆ ವಾದಕ್ಕೆ ಬರಲಿಲ್ಲ. ಬೆರಳು ಮಡಚುತ್ತ ಶುರುಮಾಡಿದಳು: “ಮಾರ್ನಿಂಗ್ ಫೈವ್, ಐ ಗಾಟ್ ಅಪ್. ಗಾಟ್ ಮಿಲ್ಕ್. ಗಾಟ್ ಹಸ್ಬೆಂಡ್ ರೆಡಿ. ಗಾಟ್ ಆಂಗ್ರಿ. ಗಾಟ್ ಆಟೋ. ಗಾಟ್ ಟ್ರೇನ್. ಗಾಟ್ ಸೀಟ್.” ಎಂದು ಒರಗಿ ಕೂತು, “ನೌ ಐ ಗೆಟ್ ಶಾಂತಿ” ಎಂದಳು. ಅವಳ ಅರ್ಧ ದಿನ, ಗಂಡನ ಸಮೇತ, ಒಂದೇ ಕ್ರಿಯಾಪದದಲ್ಲಿ ಸಾಗಿಹೋಗಿತ್ತು. ನನ್ನ ಹನ್ನೆರಡು ಕಾಲಗಳನ್ನು ನಾನು ಮಡಚಿ ಚೀಲಕ್ಕೆ ಹಾಕಿಕೊಂಡೆ.

ಮರುದಿನ ಮನಸ್ಸು ಗಟ್ಟಿಮಾಡಿಕೊಂಡು, ಮಾಸ್ತರರ ಕ್ಷಮೆ ಕೇಳಿ, ಗೆಟ್ ಶುರುಮಾಡಿದೆ.

“ಗೆಟ್ ಅಂದ್ರ ಏನ್ರಿ ಅಕ್ಕಾರ?”

ಸುಲಭದ ಪ್ರಶ್ನೆ ಎಂದುಕೊಂಡಿದ್ದೆ. ಸಿಗು ಅಂದೆ. ಅಷ್ಟೇ ಅಲ್ಲ, ಪಡೆ. ಕೆಲವು ಸಲ ತಾ. ಏಳು ಅಂತಲೂ ಉಂಟು. ಆಗು, ತಲುಪು, ತಿಳಿ. ಹೇಳುತ್ತ ಹೋದಂತೆ ನನಗೇ ಗಾಬರಿ. ಗಾಡಿ ಹತ್ತು ಅನ್ನುವುದಕ್ಕೂ ಗೆಟ್ಟೇ ಎಂದಾಗ ಕಸ್ತೂರವ್ವನ ಕಣ್ಣು ದೊಡ್ಡವಾದವು.

“ಹತ್ತೂದಾ? ಅಯ್ಯ, ಇದು ನಮ್ಮ ಹತ್ತೂದಲ್ರೀ ಅಕ್ಕಾರ! ಗಾಡಿ ಹತ್ತತೀವಿ, ನಿದ್ದಿ ಹತ್ತತೈತಿ, ನೌಕರಿ ಹತ್ತತೈತಿ, ಕಾಳಿಗೆ ಹುಳಾ ಹತ್ತತಾವು, ನಾಯಿ ಬೆನ್ನ ಹತ್ತತೈತಿ. ಎಲ್ಲಾ ಗೆಟ್ ಅಲ್ರಿ?”

ನಾನು ಬಾಯಿ ತೆರೆದುಕೊಂಡು ಕೂತೆ. ದಕ್ಷಿಣದ ಕಡೆಯವರು ನಿದ್ದೆ ಬಂತು, ಕೆಲಸ ಸಿಕ್ಕಿತು, ಹುಳ ಹಿಡಿಯಿತು ಎಂದು ಒಂದೊಂದಕ್ಕೆ ಒಂದೊಂದು ಶಬ್ದ ಖರ್ಚು ಮಾಡುತ್ತಾರೆ. ನಮ್ಮ ಉತ್ತರ ಕರ್ನಾಟಕದಲ್ಲಿ ಅದಕ್ಕೆಲ್ಲ ಹತ್ತು ಒಂದೇ ಸಾಕು. ಮಳೆಯೂ ಹತ್ತುತ್ತದೆ, ರುಚಿಯೂ ಹತ್ತುತ್ತದೆ. ಮಾತಾಡಾಕ ಹತ್ಯಾರ, ಬರಾಕ ಹತ್ಯಾರ ಎಂದು ಎಲ್ಲ ಕ್ರಿಯಾಪದಗಳ ಬಾಲಕ್ಕೂ ಹತ್ತಿಕೊಳ್ಳುತ್ತದೆ. ದೇಸಾಯಿ ಮಾಸ್ತರರು ತಾವೇ ದಿನಕ್ಕೆ ನೂರು ಸಲ ಹತ್ತು ಅನ್ನುತ್ತ, ಇಂಗ್ಲಿಷಿನವರ ಹತ್ತನ್ನು ಮೈಗಳ್ಳ ಎಂದು ಬೈದರಲ್ಲ! ಹುಟ್ಟಿದಾಗಿನಿಂದ ನಾಲಗೆಯ ಮೇಲಿದ್ದ ಸಂಗತಿ ನನಗೆ ಹೊಳೆದಿರಲಿಲ್ಲ. ಐದನೆಯ ಇಯತ್ತೆಗೆ ಶಾಲೆ ಬಿಟ್ಟ ಕಸ್ತೂರವ್ವನಿಗೆ ಕಾಂದಿವಲಿ ಬರುವುದರೊಳಗೆ ಹೊಳೆಯಿತು.

ಅಲ್ಲಿಂದ ಮುಂದೆ ಅವಳನ್ನು ತಡೆಯುವುದೇ ಕಷ್ಟವಾಯಿತು. ಡಬ್ಬಿಯಲ್ಲಿ ಕಂಡದ್ದಕ್ಕೆಲ್ಲ ಗೆಟ್ ಹಚ್ಚತೊಡಗಿದಳು. ಮಳೆ ಶುರುವಾದರೆ ಗೆಟ್ ರೇನ್. ಬೆಂಡೋಲೆ ಮಾರುವವಳು ಹತ್ತಿದರೆ ಗೆಟ್ ಬೆಂಡೋಲೆ. ಯಾರಾದರೂ ಕಾಲು ತುಳಿದರೆ ಗೆಟ್ ಬ್ಯಾನಿ, ಅಂದರೆ ನೋವು. ಒಮ್ಮೆ ಮನೆಯಿಂದ ನನಗೆ ಫೋನು ಮಾಡಿ, “ಅಕ್ಕಾರ, ಐ ಗೆಟ್ ಕಮ್” ಅಂದಳು. ಬರಾಕ ಹತ್ತೀನಿ ಅನ್ನುವುದರ ಇಂಗ್ಲಿಷ್ ಅದು. ಹಾಗನ್ನಬಾರದು ಎಂದು ತಿದ್ದಲು ಹೋದೆ. ಆದರೆ ಅರ್ಥವಾಗಿತ್ತಲ್ಲ, ಸ್ಟೇಷನ್ನಿನಲ್ಲಿ ಅವಳಿಗಾಗಿ ಕಾಯುತ್ತ ನಿಂತಿದ್ದೆನಲ್ಲ!

ಒಂದೇ ಒಂದು ಕಡೆ ಅವಳು ಪಟ್ಟು ಹಿಡಿದಳು. ಇಳಿಯುವುದಕ್ಕೆ ಗೆಟ್ ಡೌನ್ ಅನ್ನಬೇಕು ಎಂದಾಗ, “ಇಳಿಯಾಕ ಯಾಕ ಹತ್ತಬೇಕ್ರಿ?” ಎಂದಳು. ನಾನು ಉತ್ತರಕ್ಕೆ ತಡಕಾಡುತ್ತಿರುವಾಗ ಅಂಧೇರಿ ಬಂತು. ಇಳಿಯುವವರು ಒಳಗೆ ನುಗ್ಗುವವರ ಭುಜ, ಚೀಲ, ಛತ್ರಿಗಳ ಮೇಲೆ ಹತ್ತಿ ಹೊರಗೆ ಬೀಳುವುದನ್ನು ಅವಳು ಒಂದು ನಿಮಿಷ ನೋಡಿದಳು. “ಖರೇ ಐತ್ರಿ. ಹತ್ತೇ ಇಳಿಯೂದು” ಎಂದು ಒಪ್ಪಿಕೊಂಡಳು.

ಗೆಟ್ ಒಲಿದದ್ದಾಯಿತು. ಆದರೆ ನನ್ನೊಳಗಿನ ಮಾಸ್ತರಿಕೆ ಸುಮ್ಮನಿರಬೇಕಲ್ಲ. ಕಸ್ತೂರವ್ವ ಎರಡು ಮೂರು ಶಬ್ದದಲ್ಲಿ ಮಾತು ಮುಗಿಸಿಬಿಡುತ್ತಾಳೆ, ವಾಕ್ಯ ಪೂರ್ತಿಯಾಗುವುದಿಲ್ಲ ಎನ್ನುವುದು ನನ್ನ ಚಿಂತೆ. “ಪೂರ್ತಿ ಸೆಂಟೆನ್ಸ್ ಹೇಳವಾ” ಎಂದು ದಿನಕ್ಕೆ ಇಪ್ಪತ್ತು ಸಲ ಅನ್ನುತ್ತಿದ್ದೆ. ಎದುರು ಕೂತು ಅವಳ ತುಟಿಯನ್ನೇ ನೋಡುತ್ತ, ಎಲ್ಲಿ ತಪ್ಪುತ್ತಾಳೆ ಎಂದು ಹೊಂಚುಹಾಕುತ್ತಿದ್ದೆ. ನಿಮಗೆ ಫ್ಲೋರ್ ಕೆಲಸ ಯಾಕೆ ಬೇಕು ಎಂದು ಖಂಡಿತ ಕೇಳುತ್ತಾರೆ ಎಂದು ಫಾಲ್ಗುಣಿಬೆನ್ ಹೇಳಿದ್ದರಿಂದ, ಅದಕ್ಕೊಂದು ಉತ್ತರವನ್ನು ನಾನೇ ಒಂದು ಭಾನುವಾರ ಕೂತು ರಚಿಸಿದೆ: “ಐ ವಿಶ್ ಟು ಗೆಟ್ ಅಹೆಡ್ ಇನ್ ಮೈ ಕೆರಿಯರ್ ಅಂಡ್ ಗೆಟ್ ವ್ಯಾಲ್ಯುಬಲ್ ಎಕ್ಸ್‌ಪೀರಿಯನ್ಸ್.” ಒಂದು ವಾಕ್ಯದಲ್ಲಿ ಎರಡು ಗೆಟ್. ಐವತ್ತೆರಡನೆಯ ವಯಸ್ಸಿನಲ್ಲಿ ನನ್ನ ಧೈರ್ಯಕ್ಕೆ ನಾನೇ ಮೆಚ್ಚಿಕೊಂಡೆ.

ಕಸ್ತೂರವ್ವ ಅದನ್ನು ಹದಿನೈದು ದಿನ ಉರುಹೊಡೆದಳು. “ಇದು ನನ್ನ ಬಾಯಾಗ ನಿಂದ್ರೂದಿಲ್ರಿ ಅಕ್ಕಾರ, ಜಾರತೈತಿ” ಅನ್ನುತ್ತಿದ್ದಳು. “ಜಾರಗೊಡಬ್ಯಾಡ, ಹಿಡಿ” ಅನ್ನುತ್ತಿದ್ದೆ ನಾನು.

ಪರೀಕ್ಷೆಯ ದಿನ ಬಂತು. ಕಸ್ತೂರವ್ವ ಇಳಕಲ್ ಸೀರೆ ಉಟ್ಟು, ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಬಂದಿದ್ದಳು. ಡಬ್ಬಿಗೆಲ್ಲ ಸುದ್ದಿ ಹಬ್ಬಿತ್ತು. ಗೊತ್ತಿಲ್ಲದ ಹೆಂಗಸರೂ ಒಂದೊಂದು ಬುದ್ಧಿಮಾತು ಹೇಳಿದರು. ಒಬ್ಬಳು ಮಡಿಲಿನಲ್ಲಿ ಬಟಾಣಿ ಸುಲಿಯುತ್ತಲೇ, ಗೆಟ್ ಜೊತೆ ಥ್ಯಾಂಕ್ಯೂ ಸೇರಿಸುತ್ತಿರು ಎಂದಳು. ಫಾಲ್ಗುಣಿಬೆನ್ ತಾನೇ ಮೇಡಂ ಆಗಿ ಪ್ರಶ್ನೆ ಕೇಳತೊಡಗಿದಳು. ವಿಲೇಪಾರ್ಲೆ ಬಿಟ್ಟಾಗ ಕಸ್ತೂರವ್ವ ಎದ್ದು ಬಾಗಿಲಿನ ಕಡೆ ಹೊರಟಳು. ಅದೇ ಹೊತ್ತಿಗೆ ಫಾಲ್ಗುಣಿಬೆನ್ ಕೊನೆಯ ಪ್ರಶ್ನೆ ಎಸೆದಳು: ವೈ ಡು ಯು ವಾಂಟ್ ಫ್ಲೋರ್?

“ಐ ವಿಶ್ ಟು ಗೆಟ್ ಅಹೆಡ್...” ಎಂದು ಶುರುಮಾಡಿ ಕಸ್ತೂರವ್ವ ಬಾಗಿಲಿನತ್ತ ಕತ್ತು ತಿರುಗಿಸಿದಳು. ನಾನೂ ಎದ್ದು ಹಿಂದೆಯೇ ಹೋದೆ. ಅವಳ ತೋಳು ಹಿಡಿದೆ.

“ಪೂರ್ತಿ ಸೆಂಟೆನ್ಸ್ ಹೇಳು!”

“ಅಕ್ಕಾರ, ಸ್ಟೇಷನ್...”

“ಮೊದಲು ಸೆಂಟೆನ್ಸ್!”

“...ಇನ್ ಮೈ ಕೆರಿಯರ್ ಅಂಡ್ ಗೆಟ್...”

ಸಾಂತಾಕ್ರೂಜ್ ಬಂತು. ಹತ್ತುವವರು ನುಗ್ಗಿದರು. ಅವಳ ತೋಳು ನನ್ನ ಕೈಯಲ್ಲಿ, ನನ್ನ ಬೆನ್ನು ಕಂಬಕ್ಕೆ, ನಮ್ಮಿಬ್ಬರ ನಡುವೆ ಯಾರದೋ ಊಟದ ಡಬ್ಬಿ. ‘ವ್ಯಾಲ್ಯುಬಲ್ ಎಕ್ಸ್‌ಪೀರಿಯನ್ಸ್’ ಎಂದು ಅವಳು ವಾಕ್ಯವನ್ನು ಪೂರ್ತಿ ಮಾಡುವಾಗ ಗಾಡಿ ಹೊರಟಿತ್ತು.

ಕಸ್ತೂರವ್ವ ಅಳಲಿಲ್ಲ, ನನ್ನನ್ನು ಬಯ್ಯಲೂ ಇಲ್ಲ. “ಹೋತ್ರಿ” ಎಂದಳು ಅಷ್ಟೆ. ನಾಲ್ಕು ವಾರದ ಶ್ರಮವನ್ನು ನಾನೇ ಕೈಯಾರೆ ಹಿಡಿದಿಟ್ಟು ಹಾಳುಮಾಡಿದೆ ಎಂದು ನನಗೆ ಅಲ್ಲಿಯೇ ಮುಖ ಮುಚ್ಚಿಕೊಳ್ಳುವಂತಾಯಿತು.

ಮುಂದಿನ ಸ್ಟೇಷನ್ ಖಾರ್‌ನಲ್ಲಿ ಇಬ್ಬರೂ ಇಳಿದೆವು. ಬ್ರಿಜ್ ಹತ್ತಿ, ಇಳಿದು, ಎದುರು ಗಾಡಿ ಹಿಡಿದು ಸಾಂತಾಕ್ರೂಜ್‌ಗೆ ವಾಪಸು ಬಂದು ಆಟೋದಲ್ಲಿ ಬಿದ್ದೆವು. ಆಫೀಸು ಹಾಳಾಗಿ ಹೋಗಲಿ, ತಪ್ಪು ನನ್ನದು, ನ್ಯಾಯವಾಗಿ ನಾನೇ ಬಂದು ಮೇಡಂ ಎದುರು ಒಪ್ಪಿಕೊಳ್ಳುತ್ತೇನೆ ಎಂದೆ. ಕಸ್ತೂರವ್ವ ಬೇಡ ಅನ್ನಲಿಲ್ಲ. ಅವಳಿಗೆ ಆಗ ಯಾವ ಭಾಷೆಯಲ್ಲೂ ಮಾತು ಬರುತ್ತಿರಲಿಲ್ಲ.

ಹೋಟೆಲಿನ ಹಿಂಬಾಗಿಲಿನಿಂದ ಒಳಗೆ ಹೋದೆವು. ಹೌಸ್‌ಕೀಪಿಂಗ್ ಮೇಡಂ ಮೂವತ್ತರ ಆಸುಪಾಸಿನ ಚುರುಕು ಹುಡುಗಿ. ಗಡಿಯಾರ ನೋಡಿದಳು, ಇಪ್ಪತ್ತು ನಿಮಿಷ ತಡ. ಕಸ್ತೂರವ್ವ ಬಾಯಿ ತೆರೆಯುವ ಮೊದಲೇ ನಾನು ಎರಡು ಹೆಜ್ಜೆ ಮುಂದೆ ಹೋದೆ. ಗಾಬರಿಯಲ್ಲಿ ನನಗೆ ಬರುವುದು ಆಫೀಸಿನ ಇಂಗ್ಲಿಷ್ ಒಂದೇ.

“ರೆಸ್ಪೆಕ್ಟೆಡ್ ಮೇಡಂ, ವಿತ್ ರೆಫರೆನ್ಸ್ ಟು ದ ಡಿಲೇ, ಐ ಬೆಗ್ ಟು ಸ್ಟೇಟ್ ದಟ್ ವಿ ಕುಡ್ ನಾಟ್ ಆಬ್ಟೇನ್...” ಏನನ್ನು ಆಬ್ಟೇನ್ ಮಾಡಲಾಗಲಿಲ್ಲ ಎನ್ನುವುದು ಹೊಳೆಯದೆ ಅಲ್ಲೇ ನಿಂತೆ. ರೈಲಿನ ಬಾಗಿಲನ್ನೇ? ಸ್ಟೇಷನ್ನನ್ನೇ?

ಮೇಡಂ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. “ಆಂಟಿ, ಯು ಆರ್ ಅಪ್ಲೈಯಿಂಗ್ ಫಾರ್ ಫ್ಲೋರ್?” ಎಂದು ಮರುಕದಿಂದ ಕೇಳಿದಳು. ಹೌದೆಂದರೆ ತೆಗೆದುಕೊಳ್ಳುವ ಹಾಗೆ ಕಾಣಲಿಲ್ಲ.

ಆಗ ಕಸ್ತೂರವ್ವ ನನ್ನ ಸೆರಗು ಹಿಡಿದು ಹಿಂದಕ್ಕೆ ಎಳೆದು, ತಾನು ಮುಂದೆ ಬಂದಳು.

“ಮೇಡಂ, ಶೀ ಟೀಚರ್. ಟ್ರೇನ್ ಗೆಟ್ ಗರ್ದಿ. ಐ ನಾಟ್ ಗೆಟ್ ಡೌನ್. ಐ ಗೆಟ್ ಲೇಟ್. ಸಾರಿ, ಥ್ಯಾಂಕ್ಯೂ.”

ಮೇಡಮ್ಮಿನ ತುಟಿ ಅಲುಗಿತು. ಕುರ್ಚಿ ತೋರಿಸಿದಳು. ಗೆಸ್ಟ್ ಇನ್ನೊಂದು ಟವೆಲ್ ಕೇಳಿದರೆ ಏನು ಹೇಳುತ್ತೀ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

“ಐ ಗೆಟ್.”

ಎಸಿ ಕೆಟ್ಟಿದೆ ಅಂದರೆ?

“ಐ ಗೆಟ್ ಮ್ಯಾನ್.”

ಗೆಸ್ಟ್ ಸಿಟ್ಟು ಮಾಡಿಕೊಂಡರೆ?

ಕಸ್ತೂರವ್ವ ಸ್ವಲ್ಪ ಯೋಚಿಸಿದಳು. “ಗೆಸ್ಟ್ ಗೆಟ್ ಆಂಗ್ರಿ, ಐ ಗೆಟ್ ಔಟ್. ಫೈವ್ ಮಿನಿಟ್. ಗೆಸ್ಟ್ ಗೆಟ್ ಓಕೆ, ಐ ಗೆಟ್ ಇನ್.”

ಮೇಡಂ ಈಗ ಜೋರಾಗಿಯೇ ನಕ್ಕಳು. ನಾನು ಮಾತ್ರ ಮೂಲೆಯಲ್ಲಿ ನಿಂತು ಒಂದೂ ಪೂರ್ತಿ ವಾಕ್ಯವಾಗಲಿಲ್ಲವಲ್ಲ ಎಂದು ಬೆವರುತ್ತಿದ್ದೆ. ಆಮೇಲೆ ಬಂತು ಆ ಪ್ರಶ್ನೆ. ಲಾಂಡ್ರಿಯಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತಿದ್ದೀಯಲ್ಲ, ಫ್ಲೋರ್ ಯಾಕೆ ಬೇಕು?

“ಐ ವಿಶ್ ಟು...” ಎಂದಳು ಕಸ್ತೂರವ್ವ. ನಾನು ಮೇಡಮ್ಮಿಗೆ ಕಾಣದಂತೆ ತುಟಿ ಆಡಿಸಿ ಗೆಟ್ ಅಹೆಡ್, ಗೆಟ್ ಅಹೆಡ್ ಎಂದು ತೋರಿಸಿದೆ. ಅವಳು ನನ್ನ ಕಡೆ ನೋಡಿದಳು. ಆಮೇಲೆ ಆ ವಾಕ್ಯವನ್ನು ಅಲ್ಲೇ ಬಿಟ್ಟಳು.

“ಮೇಡಂ, ಡೌನ್, ಲಾಂಡ್ರಿ. ಆಲ್ ಡೇ ಫೀಟ್ ಗೆಟ್ ವೆಟ್. ಹೋಮ್ ಗೋ, ನಾಟ್ ಗೆಟ್ ಡ್ರೈ. ಸಿಕ್ಸ್ ಇಯರ್.” ಬೆರಳು ಮೇಲೆ ಮಾಡಿದಳು. “ಅಪ್, ಫೀಟ್ ಗೆಟ್ ಡ್ರೈ.”

ವೆಟ್, ಡ್ರೈ ನಾನು ಕಲಿಸಿದ ಶಬ್ದಗಳಲ್ಲ. ಬಟ್ಟೆ ಒಗೆಯುವ ಯಂತ್ರದ ಗುಂಡಿಗಳ ಮೇಲೆ ಬರೆದಿದ್ದನ್ನು ಅವಳೇ ಕಲಿತುಕೊಂಡದ್ದು.

ಮೇಡಂ ಪೆನ್ನು ಕೆಳಗಿಟ್ಟು ಮೇಜಿನ ಆಚೆಯಿಂದ ಬಗ್ಗಿ ನೋಡಿದಳು. ನಾನೂ ನೋಡಿದೆ. ರಬ್ಬರು ಚಪ್ಪಲಿಯಲ್ಲಿದ್ದ ಆ ಪಾದಗಳು ಬೆಳ್ಳಗೆ ಊದಿಕೊಂಡಿದ್ದವು. ಬೆರಳಸಂದಿಗಳಲ್ಲಿ ಚರ್ಮ ಹಣ್ಣಾಗಿ ಬಿಟ್ಟಿತ್ತು. ಹಿಮ್ಮಡಿಯ ಸೀಳುಗಳಲ್ಲಿ ಅರಿಶಿನ ತುಂಬಿಕೊಂಡಿದ್ದಳು. ಎರಡು ವರ್ಷ ಎದುರುಬದುರು ಕೂತಿದ್ದೇನೆ, ನಾಲ್ಕು ವಾರ ಅವಳ ತುಟಿಯನ್ನು ನೋಡಿದ್ದೇನೆ. ಒಂದು ಸಲವೂ ಕಣ್ಣು ಅಷ್ಟು ಕೆಳಗೆ ಹೋಗಿರಲಿಲ್ಲ. ನನ್ನ ಬಗ್ಗೆ ನನಗೆ ಅಷ್ಟು ನಾಚಿಕೆ ಹಿಂದೆಂದೂ ಆಗಿರಲಿಲ್ಲ.

ಮೇಡಂ ಇಂಗ್ಲಿಷ್ ಬಿಟ್ಟು ಹಿಂದಿಯಲ್ಲಿ ಮಾತಾಡಿದಳು. “ಸೋಮವಾರ್ ಸೇ ಊಪರ್ ಆ ಜಾನಾ. ಶೂಸ್ ಹಮ್ ದೇಂಗೇ, ಮೋಜೇ ಆಪಕೇ.” ಸೋಮವಾರದಿಂದ ಮೇಲೆ ಬಾ, ಬೂಟು ನಾವು ಕೊಡುತ್ತೇವೆ, ಕಾಲುಚೀಲ ನಿನ್ನದು.

ಆ ದಿನ ಮೇಡಂ ಕಸ್ತೂರವ್ವನಿಗೆ ಒಂದು ಗಂಟೆ ಬಿಡುವು ಕೊಟ್ಟಳು. ಇಬ್ಬರೂ ಹೊರಗೆ ಬಂದು ಎದುರಿನ ಅಂಗಡಿ ಸಾಲಿನಲ್ಲಿ ಹುಡುಕಿ ಎರಡು ಜೊತೆ ಕಪ್ಪು ಕಾಲುಚೀಲ ತೆಗೆದುಕೊಂಡೆವು. ಸೋಮವಾರದವರೆಗೆ ಕಾಯಲು ಕಸ್ತೂರವ್ವನಿಗೆ ಆಗಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆಯೇ ಕೂತು, ಸೆರಗಿನಿಂದ ಬೆರಳಸಂದಿಗಳನ್ನು ಒಂದೊಂದಾಗಿ ಒರೆಸಿ, ಒಂದು ಕಾಲಿಗೆ ಏರಿಸಿಕೊಂಡಳು. ಕಾಲನ್ನು ಮುಂದೆ ಚಾಚಿ, ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡಳು.

“ಇದನ್ನ ನನಗ ಯಾಕ ಹೇಳಲಿಲ್ಲವಾ?” ಎಂದೆ.

“ಯಾವುದ್ರಿ?”

“ಕಾಲಿಂದು.”

“ನೀವು ಎಂದ ಕೇಳಿದ್ರಿ ಅಕ್ಕಾರ?” ಎಂದಳು ಅವಳು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. “ನೀವು ಬರೇ ಸೆಂಟೆನ್ಸ್ ಕೇಳತಿದ್ರಿ.”

ಅವಳ ಪಕ್ಕ ಮೆಟ್ಟಿಲ ಮೇಲೆ ಕೂತು, ಇನ್ನೊಂದು ಕಾಲುಚೀಲವನ್ನು ಬಿಚ್ಚಿ, ಬಾಯಿ ಅಗಲ ಮಾಡಿ ಅವಳ ಕೈಗೆ ಕೊಟ್ಟೆ.